ನೆನಪು ಮತ್ತು ಸತ್ಯ

ಮೆಟ್ಟೂರು ಅಣೆಕಟ್ಟು 1934ರಲ್ಲಿ ಪೂರ್ಣಗೊಂಡಾಗ ಕಾವೇರಿ ತೀರದ ಹಲವು ಊರುಗಳು ಜಲಾಶಯದಲ್ಲಿ ಮುಳುಗಿದವು. ನೀರು ಬಹಳ ಇಳಿದಾಗ ಪಣ್ಣವಾಡಿಯ ಜಲಕಂಠೇಶ್ವರ ದೇಗುಲದ ನಂದಿ ಇಂದಿಗೂ ಕಾಣಿಸಿಕೊಳ್ಳುತ್ತದೆ. ಕಲ್ಲು ಇದ್ದಂತೆಯೇ ಮರಳುತ್ತದೆ. ನೆನಪು ಹಾಗೆ ಮರಳುವುದಿಲ್ಲ. ನೆಲೆಗೊಂಡ ನೆನಪೂ ಮತ್ತೆ ಸ್ಮರಣೆಗೆ ಬಂದಾಗ ಸಡಿಲವಾಗಿ, ಹೊಸದಾಗಿ ಗಟ್ಟಿಗೊಳ್ಳಬೇಕಾಗುತ್ತದೆಂದು 2000ನೇ ಇಸವಿಯಲ್ಲಿ ಕರೀಂ ನಾಡರ್ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಮನುಷ್ಯರಲ್ಲೂ ಹೇಳುತ್ತ ಹೇಳುತ್ತ ನೆನಪು ಮಾರ್ಪಡಬಲ್ಲದು. ನಡುವೆ ಕೇಳಿದ ಮಾತು, ಇಂದಿನ ನೋವು ಅದರೊಳಗೆ ಬೆರೆಯಬಲ್ಲವು.

ಹಾಗೆಂದು ಮುಳುಗಡೆಯ ಊರಿನ ಹಿರಿಯರ ಮಾತನ್ನು ಸುಳ್ಳೆನ್ನುವುದು ನ್ಯಾಯವಲ್ಲ. ಪ್ರಶ್ನಿಸದೆ ಒಪ್ಪುವುದೂ ಸತ್ಯಕ್ಕೆ ಸಲ್ಲದು. ಅಜ್ಜಿ ಕನ್ನಡದಲ್ಲಿ ಹೇಳಿದ್ದನ್ನು ನೆರೆಮನೆಯವರು ತಮಿಳಿನಲ್ಲಿ ಹೇಳಿದ್ದರೊಡನೆ, ಇಬ್ಬರ ಮಾತನ್ನೂ ಹಳೆಯ ದಾಖಲೆಗಳೊಡನೆ ಇಟ್ಟು ನೋಡಬೇಕು. ನೆನಪು ಒಬ್ಬರದಾದರೂ ಅದರ ಸತ್ಯವನ್ನು ಕಾಯುವ ಹೊಣೆ ಎಲ್ಲರದು.