ಹೇಗೆ ಬಂತು, ಯಾಕೆ ಬಂತು

ಕಾಯಿಲೆ ಬಿದ್ದವರನ್ನು ಕುರಿತು ಲೋಕ ಎರಡು ಪ್ರಶ್ನೆ ಕೇಳುತ್ತದೆ. ಹೇಗೆ ಬಂತು ಎನ್ನುವುದು ಒಂದು. ಯಾಕೆ ಬಂತು, ಅದೂ ಇವರಿಗೇ ಯಾಕೆ ಬಂತು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ವೈದ್ಯಶಾಸ್ತ್ರ ಉತ್ತರ ಕೊಡುತ್ತದೆ. ಎರಡನೆಯದನ್ನು ಧರ್ಮಗಳೂ ದರ್ಶನಗಳೂ ಬಹುಕಾಲದಿಂದ ಚರ್ಚಿಸುತ್ತ ಬಂದಿವೆ. ಮಲೇರಿಯಾ ಬಂದವರ ವಿಷಯದಲ್ಲಿ ಈ ಎರಡೂ ಬೇರೆಬೇರೆಯಾಗಿಯೇ ಉಳಿಯುತ್ತವೆ. ಎಚ್‌ಐವಿ ಎಂದಾಗ ಮಾತ್ರ ಒಂದರಲ್ಲೊಂದು ಕಲೆತುಹೋಗುತ್ತವೆ. ಸೋಂಕು ತಗುಲಿದ ದಾರಿ ಗೊತ್ತಾದರೆ ಸಾಕು, ಆ ಮನುಷ್ಯನ ಯೋಗ್ಯತೆಯೇ ಗೊತ್ತಾಯಿತೆಂದು ಜನ ತಿಳಿಯುತ್ತಾರೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ನಾಲಗೆಯ ತುದಿಗೆ ಬಂದುಬಿಡುತ್ತದೆ.

ಎಚ್‌ಐವಿ ಒಂದು ವೈರಸ್. ಚಿಕಿತ್ಸೆ ಇಲ್ಲದೆ ಅದು ಬೆಳೆಯುತ್ತ ಹೋದಾಗ ಮುಟ್ಟುವ ಕೊನೆಯ ಹಂತ ಏಡ್ಸ್. 1981ರಲ್ಲಿ ಅಮೆರಿಕದ ವೈದ್ಯರು ಈ ಕಾಯಿಲೆಯನ್ನು ಮೊದಲು ಗುರುತಿಸಿದರು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ವೈರಸ್ಸನ್ನು ಪತ್ತೆಹಚ್ಚಿದರು. 1986ರಲ್ಲಿ ಭಾರತದ ಮೊದಲ ಸೋಂಕು ಚೆನ್ನೈಯಲ್ಲಿ ಬೆಳಕಿಗೆ ಬಂತು. ರಕ್ತದಲ್ಲಿ ಸಿಡಿ4 ಎಂಬ ಬಿಳಿಯ ಕಣಗಳಿವೆ. ಹೊರಗಿನಿಂದ ಬಂದ ರೋಗಾಣುಗಳ ವಿರುದ್ಧ ದೇಹವನ್ನು ಸಜ್ಜುಗೊಳಿಸುವುದು ಇವುಗಳ ಕೆಲಸ. ವೈರಸ್ ಇವುಗಳ ಒಳಹೊಕ್ಕು ಅಲ್ಲಿಯೇ ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಕಣಗಳ ಸಂಖ್ಯೆ ವರ್ಷ ವರ್ಷಕ್ಕೆ ಇಳಿಯುತ್ತದೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅದು 200ಕ್ಕಿಂತ ಕೆಳಗೆ ಬಂದರೆ, ಆರೋಗ್ಯವಂತರು ಸುಲಭವಾಗಿ ತಡೆದುಕೊಳ್ಳುವ ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದು, ತಾಯಿಯಿಂದ ಮಗುವಿಗೆ ಬಸಿರು, ಹೆರಿಗೆ ಅಥವಾ ಎದೆಹಾಲಿನ ಮೂಲಕ ದಾಟುವುದು: ಹರಡುವ ದಾರಿಗಳು ಇಷ್ಟೇ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ.

ಇದು ಪಾಪಕ್ಕೆ ಬಂದ ಶಿಕ್ಷೆ ಎನ್ನುವುದಾದರೆ ಶಿಕ್ಷೆಗೊಂದು ಲೆಕ್ಕ ಇರಬೇಕು. ಇಲ್ಲಿ ಅಂಥ ಲೆಕ್ಕ ಕಾಣುವುದಿಲ್ಲ. ಒಂದು ಸಲದ ಲೈಂಗಿಕ ಸಂಪರ್ಕದಲ್ಲಿ ಸೋಂಕು ದಾಟುವ ಸಂಭವ ಸಾಮಾನ್ಯವಾಗಿ ತೀರಾ ಕಡಿಮೆ. ಹೀಗಾಗಿ ಒಬ್ಬನಿಗೆ ಮೊದಲ ಸಲವೇ ತಗುಲುತ್ತದೆ, ಇನ್ನೊಬ್ಬನಿಗೆ ಎಷ್ಟೋ ವರ್ಷ ತಗುಲದೇ ಇರುತ್ತದೆ. ಚಿಕಿತ್ಸೆ ಸಿಗದ ಸೋಂಕಿತ ತಾಯಂದಿರಿಗೆ ಹುಟ್ಟುವ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ಬರುತ್ತದೆ, ಉಳಿದವಕ್ಕೆ ಬರುವುದಿಲ್ಲ. ಒಡಹುಟ್ಟಿದವರಲ್ಲೇ ಒಂದಕ್ಕೆ ಬಂದು ಇನ್ನೊಂದಕ್ಕೆ ಬರದಿರುವುದುಂಟು. ಇನ್ನೂ ಕಣ್ಣು ಬಿಡದ ಎರಡು ಜೀವಗಳ ನಡತೆಯಲ್ಲಿ ಯಾವ ವ್ಯತ್ಯಾಸ ಹುಡುಕಲಾದೀತು? ಈ ಪ್ರಶ್ನೆಗೆ ಹಿಂದಿನ ಜನ್ಮದತ್ತ ಬೆರಳು ತೋರಿಸುವುದೇ ರೂಢಿಯ ಉತ್ತರ. ಆದರೆ ಭಾರತದ ಚಿಂತನ ಪರಂಪರೆ ಆ ಉತ್ತರವನ್ನು ಅಷ್ಟು ಸಲೀಸಾಗಿ ಒಪ್ಪಿಲ್ಲ.

ರೋಗವನ್ನೂ ಕಾಮವನ್ನೂ ಬೆಸೆದ ಕಥೆ ಪುರಾಣದಲ್ಲಿ ಇಲ್ಲದಿಲ್ಲ. ದಕ್ಷನ ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳಲ್ಲೇ ಮನಸ್ಸಿಟ್ಟು ಮಾವನ ಕೋಪಕ್ಕೆ ಗುರಿಯಾಗಿ ಕ್ಷಯಕ್ಕೆ ತುತ್ತಾದನೆಂಬ ಕಥೆ ಚರಕ ಸಂಹಿತೆಯಲ್ಲೂ ಇದೆ. ಎಚ್‌ಐವಿ ಇರುವವರ ಪ್ರಾಣವನ್ನು ಇಂದಿಗೂ ಅತಿ ಹೆಚ್ಚಾಗಿ ಕಸಿಯುತ್ತಿರುವುದು ಅದೇ ಕ್ಷಯ. ಆದರೂ ಆ ಕಥೆಯಲ್ಲಿ ಚಂದ್ರನನ್ನು ಯಾರೂ ಕೈಬಿಡುವುದಿಲ್ಲ. ಅಶ್ವಿನೀ ದೇವತೆಗಳು ಅವನಿಗೆ ಚಿಕಿತ್ಸೆ ಮಾಡುತ್ತಾರೆ, ಅವನು ಮತ್ತೆ ತುಂಬಿಕೊಳ್ಳುತ್ತಾನೆ. ಅದೇ ಸಂಹಿತೆಯ ವಿಮಾನಸ್ಥಾನದಲ್ಲಿ ಆಯುಷ್ಯ ಮೊದಲೇ ನಿಗದಿಯಾಗಿದೆಯೇ ಎಂಬ ಚರ್ಚೆ ಬರುತ್ತದೆ. ಎಲ್ಲವೂ ಹಿಂದಿನ ಕರ್ಮದಿಂದಲೇ ತೀರ್ಮಾನವಾಗುವುದಾದರೆ ಔಷಧಕ್ಕಾಗಲಿ ಪಥ್ಯಕ್ಕಾಗಲಿ ಅರ್ಥವೇ ಉಳಿಯದು ಎಂಬುದು ಅಲ್ಲಿಯ ವಾದ. ದೈವದಷ್ಟೇ ಪುರುಷಕಾರವೂ, ಅಂದರೆ ಈ ಜನ್ಮದ ಪ್ರಯತ್ನವೂ, ಆಯುಷ್ಯವನ್ನು ನಿರ್ಧರಿಸುತ್ತದೆ ಎಂದು ಸಂಹಿತೆ ತೀರ್ಮಾನಿಸುತ್ತದೆ. ವೈದ್ಯನಾದವನು ಬೇರೆ ರೀತಿಯಲ್ಲಿ ಯೋಚಿಸಲು ಸಾಧ್ಯವೂ ಇರಲಿಲ್ಲ.

ಬುದ್ಧ ಇನ್ನೂ ನೇರವಾಗಿ ಮಾತಾಡಿದ್ದಾನೆ. ಮನುಷ್ಯ ಅನುಭವಿಸುವ ಸುಖದುಃಖಗಳೆಲ್ಲ ಹಿಂದಿನ ಕರ್ಮದ ಫಲವೇ ಎಂದು ಸೀವಕನೆಂಬ ಪರಿವ್ರಾಜಕ ಕೇಳಿದ ಪ್ರಸಂಗ ಸಂಯುತ್ತ ನಿಕಾಯದಲ್ಲಿದೆ. ಬುದ್ಧ ಅಲ್ಲಿ ಎಂಟು ಕಾರಣ ಹೇಳುತ್ತಾನೆ: ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು, ಕೊನೆಗೆ ಕರ್ಮ. ಕರ್ಮ ಎಂಟರಲ್ಲೊಂದು ಮಾತ್ರ. ಎಲ್ಲಕ್ಕೂ ಕರ್ಮವೇ ಕಾರಣವೆನ್ನುವವರು ಕಣ್ಣಿಗೆ ಕಾಣುವ ಸತ್ಯವನ್ನೇ ದಾಟಿ ಮಾತಾಡುತ್ತಾರೆಂಬುದು ಅವನ ನಿಲುವು. ವಿನಯಪಿಟಕದ ಒಂದು ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಭೇದಿ ಹತ್ತಿದ ಭಿಕ್ಷುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದುಕೊಂಡಿರುತ್ತಾನೆ. ಉಳಿದ ಭಿಕ್ಷುಗಳು ಹತ್ತಿರ ಸುಳಿಯುವುದಿಲ್ಲ. ಅವನಿಂದ ಅವರಿಗೆ ಯಾವ ಉಪಕಾರವೂ ಆಗಿರಲಿಲ್ಲವಂತೆ. ಬುದ್ಧ ಆನಂದನಿಂದ ನೀರು ತರಿಸುತ್ತಾನೆ. ಒಬ್ಬ ನೀರು ಹೊಯ್ಯುತ್ತಾನೆ, ಇನ್ನೊಬ್ಬ ತೊಳೆಯುತ್ತಾನೆ. ತಲೆಯನ್ನು ಒಬ್ಬ, ಕಾಲನ್ನು ಇನ್ನೊಬ್ಬ ಹಿಡಿದೆತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಭಿಕ್ಷುಗಳು ರೋಗಿಯ ಅರ್ಹತೆ ತೂಗುತ್ತಿದ್ದರು, ಬುದ್ಧ ತೂಗಲಿಲ್ಲ.

ಬೈಬಲಿನ ಯೋಬನ ಗ್ರಂಥದ ತಿರುಳೂ ಇದೇ. ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತ ಯೋಬನಿಗೆ ಸಮಾಧಾನ ಹೇಳಲು ಬಂದ ಗೆಳೆಯರು, ನೀನು ಏನೋ ತಪ್ಪು ಮಾಡಿರಲೇಬೇಕು ಎಂದು ವಾದಿಸುತ್ತಾರೆ. ಕೊನೆಯಲ್ಲಿ ದೇವರ ಕೋಪ ತಿರುಗುವುದು ಆ ಗೆಳೆಯರ ಮೇಲೆ.

ಆಧುನಿಕ ರಾಜ್ಯ ಈ ವಿವೇಕವನ್ನು ಮರೆತದ್ದಕ್ಕೆ ಗೋವಾದ ಡೊಮಿನಿಕ್ ಡಿಸೋಜಾ ಪ್ರಕರಣ ಸಾಕ್ಷಿ. ಡಿಸೋಜಾ ಸ್ವಯಂಪ್ರೇರಿತ ರಕ್ತದಾನಿ. ದಾನವಾಗಿ ಕೊಟ್ಟ ರಕ್ತದಲ್ಲೇ ಸೋಂಕು ಪತ್ತೆಯಾಯಿತು. 1989ರಲ್ಲಿ ಪೊಲೀಸರು ಅವರನ್ನು ಕರೆದೊಯ್ದು, ಹಿಂದೆ ಕ್ಷಯ ರೋಗಿಗಳಿಗಾಗಿ ಇದ್ದ ಕಟ್ಟಡವೊಂದರಲ್ಲಿ 64 ದಿನ ಕೂಡಿಹಾಕಿದರು. ಸೋಂಕಿತರನ್ನು ಪ್ರತ್ಯೇಕಿಸಲು ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆ ಆಗ ಅವಕಾಶ ಕೊಟ್ಟಿತ್ತು. ಯಾರಿಗೂ ಹಾನಿ ಮಾಡದ, ಸಾಧ್ಯವಾದಷ್ಟು ಉಪಕಾರವನ್ನೇ ಮಾಡಿದ್ದ ಮನುಷ್ಯನಿಗೆ ಸಿಕ್ಕಿದ್ದು ಕೈದಿಯ ಬಾಳು. ಡಿಸೋಜಾ 1992ರಲ್ಲಿ ತೀರಿಕೊಂಡರು.

ಕರುಣೆಯ ಮಾತಿನೊಳಗೂ ತೀರ್ಪು ಅಡಗಿ ಕೂರುವುದುಂಟು. ಗಂಡನಿಂದ ಸೋಂಕು ಪಡೆದ ಹೆಂಡತಿಯನ್ನೂ ತಾಯಿಯಿಂದ ಪಡೆದ ಮಗುವನ್ನೂ ‘ಏನೂ ತಪ್ಪು ಮಾಡದವರು’ ಎನ್ನುವುದು ವಾಡಿಕೆ. ಈ ಮಾತು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಹಾಗೆಂದ ಕ್ಷಣವೇ ಉಳಿದವರೆಲ್ಲ ತಪ್ಪಿತಸ್ಥರಾಗುತ್ತಾರೆ. ಉತ್ತರ ಕರ್ನಾಟಕದ ದೇವದಾಸಿಯರನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು? ದೇವಿಯ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ಸಮರ್ಪಿಸಿದವರು ಹಿರಿಯರು. ಆ ಹುಡುಗಿಯರು ಅದನ್ನು ಆರಿಸಿಕೊಂಡದ್ದಲ್ಲ. ಬಡತನ, ಜಾತಿ, ಹರಕೆ ಮೂರೂ ಸೇರಿ ಅವರನ್ನು ಲೈಂಗಿಕ ವೃತ್ತಿಗೆ ತಳ್ಳಿದವು. ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿ ಈ ಸಮರ್ಪಣೆಯನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಮುತ್ತು ಕಟ್ಟಿಸಿಕೊಂಡಿದ್ದ ಎಷ್ಟೋ ಹೆಂಗಸರಿಗೆ ಮುಂದೆ ಈ ವೈರಸ್ ತಗುಲಿತು. ಧರ್ಮದ ಹೆಸರಿನಲ್ಲಿ ಆ ದಾರಿಗೆ ಇಳಿಸಿದ ಸಮಾಜವೇ ಅದೇ ಧರ್ಮದ ಹೆಸರಿನಲ್ಲಿ ಅವರ ರೋಗವನ್ನು ಪಾಪವೆಂದಿತು. ಇಲ್ಲಿ ಕರ್ಮ ಎಂಬ ಮಾತನ್ನು ಬಳಸಲೇಬೇಕೆಂದರೆ, ಮಾಡಿದವರು ಯಾರು, ಉಂಡವರು ಯಾರು ಎಂದು ಮೊದಲು ಕೇಳಬೇಕಾಗುತ್ತದೆ.

ಹಾಗೆಂದು ಹೊಣೆಗಾರಿಕೆಯೇ ಇಲ್ಲವೆಂದಲ್ಲ. ತಪ್ಪು ಹೊರಿಸುವುದು ಹಿಂದಕ್ಕೆ ನೋಡುತ್ತದೆ, ಹೊಣೆ ಮುಂದಕ್ಕೆ ನೋಡುತ್ತದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಈ ವ್ಯತ್ಯಾಸವನ್ನು ಸರಿಯಾಗಿ ಹಿಡಿದಿದೆ. ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆ ಎಲ್ಲಿಯೂ ಸೋಂಕಿತರಿಗೆ ಭೇದ ಮಾಡಬಾರದು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು. ಫಲಿತಾಂಶವನ್ನು ಬಯಲು ಮಾಡಬಾರದು. ಸೋಂಕು ಇನ್ನೊಬ್ಬರಿಗೆ ದಾಟದಂತೆ ಎಚ್ಚರ ವಹಿಸುವ ಕರ್ತವ್ಯವನ್ನು ಸೋಂಕಿತರಿಗೂ ಅದು ಒಪ್ಪಿಸಿದೆ. ಸೋಂಕು ಅವರಿಗೆ ಹೇಗೆ ಬಂತೆಂಬುದಕ್ಕೂ ಈ ಹಕ್ಕುಗಳಿಗೂ ಸಂಬಂಧವಿಲ್ಲ.

ಆ ಕರ್ತವ್ಯ ನಡೆಸುವ ಸಾಧನ ಈಗ ಕೈಯಲ್ಲಿದೆ. 2004ರಿಂದ ಸರ್ಕಾರಿ ಎಆರ್‌ಟಿ (ವೈರಸ್ಸನ್ನು ಹತ್ತಿಕ್ಕುವ ಚಿಕಿತ್ಸೆ) ಕೇಂದ್ರಗಳು ಔಷಧವನ್ನು ಉಚಿತವಾಗಿ ಕೊಡುತ್ತಿವೆ. ಈ ಔಷಧ ವೈರಸ್ಸನ್ನು ದೇಹದಿಂದ ಪೂರ್ತಿ ತೆಗೆಯುವುದಿಲ್ಲ, ಅಡಗಿಸಿಡುತ್ತದೆ. ಆದ್ದರಿಂದ ಬಿಡದೆ ತೆಗೆದುಕೊಳ್ಳಬೇಕು. ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು. ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ತಾಯಿಗೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಮಗುವಿಗೆ ದಾಟುವ ಸಂಭವ ನೂರಕ್ಕೆ ಐದಕ್ಕಿಂತ ಕೆಳಗಿಳಿಯುತ್ತದೆ. ಇಷ್ಟಿದ್ದೂ ಔಷಧದ ಬಾಟಲಿಯೊಂದಿಗೆ ಮನೆಗೆ ಹೊರಟ ಕೆಲವರು ದಾರಿಯಲ್ಲೇ ಅದರ ಮೇಲಿನ ಚೀಟಿಯನ್ನು ಕಿತ್ತುಹಾಕುತ್ತಾರೆ. ಕೆಲವರು ಮಾತ್ರೆ ಗಲಗಲ ಸದ್ದು ಮಾಡದಂತೆ ಒಳಗೆ ಹತ್ತಿ ತುರುಕುತ್ತಾರೆ, ಇಲ್ಲವೇ ಬೇರೆ ಡಬ್ಬಿಗೆ ಸುರಿದುಕೊಂಡು ಬಾಟಲಿಯನ್ನು ಎಸೆದು ಹೋಗುತ್ತಾರೆ. ಮನೆಯಲ್ಲಿ ನೆಂಟರಿದ್ದ ದಿನ, ಡಬ್ಬಿ ತೆರೆಯಲಾಗದೆ, ಅವತ್ತಿನ ಮಾತ್ರೆ ತಪ್ಪುತ್ತದೆ.