ಬೇರಿಂಗ್ ಹೋಗಿದೆಯೋ, ಮನೆಯೇ ಸವೆದಿದೆಯೋ?


☸️ *ಇಂದಿನ ಧಮ್ಮ ಚಿಂತನೆ*

ಬಂಧುಗಳೇ,

ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವ ಹಳೆಯ ಮಿಲಿಟರಿ ಲಾರಿಯೊಂದು ನಮ್ಮ ಮನೆಯಲ್ಲಿದೆ. ಅಪ್ಪ ಕಲ್ಲು ಒಡೆದು ಕೂಡಿಟ್ಟ ಹಣದಿಂದ ಹರಾಜಿನಲ್ಲಿ ಕೊಂಡದ್ದು. ನಮ್ಮ ಕೇರಿಗೆ ಬಂದ ಮೊದಲ ಲಾರಿ ಅದು. ಅಪ್ಪ ಈಗಿಲ್ಲ. ಲಾರಿಯನ್ನು ತಮ್ಮ ಓಡಿಸುತ್ತಾನೆ.

ಫೋರ್-ವೀಲ್ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆ ಇರುತ್ತದೆ. ಗೇರ್ ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹಂಚುವುದು ಅದರ ಕೆಲಸ. ನಮ್ಮ ಲಾರಿಯಲ್ಲಿ ಅದು ಊಳಿಡಲು ಶುರುಮಾಡಿತು. ಎರಡು ವರ್ಷದಲ್ಲಿ ಮೂರು ಸಲ ಬೇರಿಂಗ್ ಬದಲಿಸಿದೆವು. ಪ್ರತಿಸಲವೂ ನಾಲ್ಕು ತಿಂಗಳು ಸುಮ್ಮನಿದ್ದು ಮತ್ತೆ ಅದೇ ಸದ್ದು.

"ಅಣ್ಣಾ, ಪೆಟಗೀನ ಬದಲ ಮಾಡೂಣು" ಅಂದ ತಮ್ಮ. "ಅಪ್ಪನ ಗಾಡಿ, ರಿಪೇರಿ ಮಾಡಸೂಣು" ಅಂದೆ ನಾನು. ಮಾತಿಗೆ ಮಾತು ಬೆಳೆಯಿತು. ವಯಸ್ಸಾದ ಮಿಸ್ತ್ರಿ ಕಾಕಾ ಇಬ್ಬರ ಮಾತಿಗೂ ಉತ್ತರ ಕೊಡಲಿಲ್ಲ. ಆಯಿಲ್ ಇಳಿಸಿ, ಪೆಟ್ಟಿಗೆ ಬಿಚ್ಚಿ, ಒಳಗೆ ಬೆರಳಾಡಿಸಿ ನನ್ನನ್ನು ಕರೆದರು.

"ತಮ್ಮಾ, ತಪ್ಪು ಬೇರಿಂಗಿಂದಲ್ಲೋ. ಅದು ಕೂಡೋ ಮನೀನ ಸವದೈತಿ. ಎಷ್ಟ ಹೊಸಾ ಬೇರಿಂಗ್ ಹಾಕಿದ್ರೂ ಒಳಗ ತಿರುಗತೈತಿ."

"ಬುಷ್ ಹೊಡದ್ರ ನಡೀತದೇನ್ರಿ ಕಾಕಾ?"

"ನಡೀತಿತ್ತು. ಆದ್ರ ಗ್ವಾಡೀನೂ ಸೀಳೈತಿ ನೋಡು."

ಟಾರ್ಚ್ ಹಿಡಿದು ನೋಡಿದೆ. ಕೂದಲೆಳೆಯಷ್ಟು ಬಿರುಕು. ಆಮೇಲೆ ವಾದಿಸಲು ನನ್ನಲ್ಲಿ ಮಾತು ಉಳಿಯಲಿಲ್ಲ.

ಬಂಧುಗಳೇ, ಆ ರಾತ್ರಿ ನನಗೆ ಬಾಬಾಸಾಹೇಬರು ನೆನಪಾದರು. ಅವರು ಮೊದಲ ದಿನವೇ ಹಳೆಯ ಧರ್ಮವನ್ನು ಬಿಡಲಿಲ್ಲ. 1927ರಲ್ಲಿ ಮಹಾಡದ ಕೆರೆಯ ನೀರಿಗಾಗಿ ಹೋರಾಡಿದರು. 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಬಾಗಿಲಲ್ಲಿ ಸತ್ಯಾಗ್ರಹ ನಡೆಸಿದರು. ಅದೆಲ್ಲ ರಿಪೇರಿಯ ಪ್ರಯತ್ನವೇ. ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ಮರುವರ್ಷ 'ಜಾತಿ ವಿನಾಶ'ದಲ್ಲಿ ಕಾರಣವನ್ನೂ ಬಿಚ್ಚಿಟ್ಟರು: ಸಹಭೋಜನದಂಥ ಸುಧಾರಣೆಗಳಷ್ಟೇ ಸಾಲವು, ಜಾತಿಗೆ ಆಸರೆ ಕೊಟ್ಟಿರುವುದು ಶಾಸ್ತ್ರಗಳ ಮೇಲಿನ ಪವಿತ್ರ ಭಾವನೆ. ನಮ್ಮ ಮಿಸ್ತ್ರಿಯ ಮಾತಿನಲ್ಲಿ ಹೇಳುವುದಾದರೆ, ಮನೆಯೇ ಸವೆದಿತ್ತು.

ಹಾಗೆಂದು ಸಿಕ್ಕಿದ್ದನ್ನು ತಂದು ಕೂರಿಸಲೂ ಇಲ್ಲ. 21 ವರ್ಷ ಓದಿದರು, ಹೋಲಿಸಿದರು, ಪರೀಕ್ಷಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮ ದೀಕ್ಷೆ ಪಡೆದರು. ಕೇಳಿದ ಮಾತೆಂದು ನಂಬಬೇಡಿ, ಪರಂಪರೆ ಎಂದು ಒಪ್ಪಬೇಡಿ, ನೀವೇ ಅರಿತುಕೊಳ್ಳಿ ಎಂದು ಭಗವಾನರು ಕಾಲಾಮರಿಗೆ ಬೋಧಿಸಿದ ದಾರಿಯೂ ಇದೇ.

ನಮಗೆ ಸಿಕ್ಕ ಬೇರೆ ಪೆಟ್ಟಿಗೆಯೂ ಹೊಸದಲ್ಲ. ಗುಜರಿಯಿಂದ ತಂದದ್ದು, ನಮ್ಮದಕ್ಕಿಂತ ಹಳೆಯದು. ಆದರೆ ಅದರ ಮನೆ ಗಟ್ಟಿಯಾಗಿತ್ತು. ಹಳೆಯದಾಗಿರುವುದು ದೋಷವಲ್ಲ. ಎಂಬತ್ತು ವರ್ಷದ ಭಗವಾನರು ತಮ್ಮ ದೇಹವನ್ನು ಪಟ್ಟಿ ಕಟ್ಟಿ ಓಡಿಸುವ ಹಳೆಯ ಬಂಡಿಗೆ ಹೋಲಿಸಿದರು. ಆ ಬಂಡಿಯಲ್ಲೇ ಕೊನೆಯ ದಿನದವರೆಗೂ ಧಮ್ಮ ಹಂಚಿದರು. ಧಮ್ಮವೂ ಹಳೆಯದೇ. ನಮ್ಮ ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮೇಗುತಿ ಗುಡ್ಡದ ಎರಡಂತಸ್ತಿನ ಬೌದ್ಧ ಗುಡಿ ಇಂದಿಗೂ ನಿಂತಿದೆ. ಬಾಬಾಸಾಹೇಬರು ನಮ್ಮ ನೆಲದ ಗಟ್ಟಿ ವಸ್ತುವನ್ನೇ ನಮಗೆ ಮರಳಿ ಕೊಟ್ಟರು.

ಇನ್ನೊಂದು ಮಾತು ಹೇಳಲೇಬೇಕು. ಪೆಟ್ಟಿಗೆ ಕೂರಿಸಿದ ಮೇಲೆ, ಇಳಿಸಿದ್ದ ಆಯಿಲನ್ನೇ ಸೋಸಿ ಹಾಕಿದರೆ ನಾಲ್ಕು ದುಡ್ಡು ಉಳಿಯುತ್ತದೆ ಎಂದೆ. ಕಾಕಾ ಆ ಆಯಿಲಿನಲ್ಲಿ ಬೆರಳದ್ದಿ ತೋರಿಸಿದರು. ಕಬ್ಬಿಣದ ಪುಡಿ ಮಿನುಗುತ್ತಿತ್ತು. "ಇದನ್ನ ಹಾಕಿದ್ರ ಈ ಪೆಟಗೀನೂ ತಿಂತೈತಿ."

ನನ್ನ ಎದೆ ಝಲ್ಲೆಂದಿತು. ಆ ತಿಂಗಳಲ್ಲೇ ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಓದಿದವನು, ಬೌದ್ಧ ಮನೆತನ. ಆದರೂ ನಾನು ಗುಟ್ಟಾಗಿ ಮೊದಲು ವಿಚಾರಿಸಿದ್ದು ಅವರು ಹಿಂದೆ ಯಾವ ಜಾತಿಯವರು ಎಂದು. ನಮಗಿಂತ ಕೆಳಗಿನವರು ಎಂದು ತಿಳಿದು, ಜಾತಕದ ನೆಪ ಹೇಳಿ ಸುಮ್ಮನಾಗಿದ್ದೆ. ಎಲ್ಲರನ್ನೂ ಸಮಾನರೆಂದು ಕಾಣುತ್ತೇನೆ ಎಂದು 22 ಪ್ರತಿಜ್ಞೆ ಮಾಡಿದವನು ನಾನು! ಪೆಟ್ಟಿಗೆ ಬದಲಿಸಿದ್ದೆ, ಆಯಿಲ್ ಮಾತ್ರ ಹಳೆಯದೇ.

ಮರುದಿನ ಆ ಮನೆಗೆ ಹೋದೆ. ನಿಜ ಹೇಳಿದೆ, ಕ್ಷಮೆ ಕೇಳಿದೆ. ಹುಡುಗನ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಚಹಾ ಕೊಟ್ಟು, "ವಿಚಾರ ಮಾಡಿ ಹೇಳ್ತೀವ್ರಿ ಅಣ್ಣಾರ" ಅಂದರು. ಉತ್ತರ ಇನ್ನೂ ಬಂದಿಲ್ಲ. ಕಾಯುವ ಸರದಿ ಈಗ ನನ್ನದು, ಅದು ನ್ಯಾಯವೇ.

🔹 *ಇಂದಿನ ಅಭ್ಯಾಸ:* ಹತ್ತು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕೂತು, ಒಂದೇ ಪ್ರಶ್ನೆ ಕೇಳಿಕೊಳ್ಳೋಣ. ದೀಕ್ಷೆಯ ನಂತರವೂ ನನ್ನೊಳಗೆ ಉಳಿದಿರುವ ಹಳೆಯ ಆಯಿಲ್ ಯಾವುದು?

ಸರ್ವರಿಗೂ ಮಂಗಳವಾಗಲಿ.
ಜೈ ಭೀಮ್! ನಮೋ ಬುದ್ಧಾಯ! 💙