ಹೆಸರೂ ರಕ್ತವೂ

ನಾನು ಯಾರ ಮಗನು, ಯಾವ ಮನೆತನದವನು ಎಂದು ಮನುಷ್ಯನು ಕೇಳುವದು ಹೊಸದಲ್ಲ. ಆದರೆ ಆ ಪ್ರಶ್ನೆಗೆ ಅವನ ಉಗುಳೇ ಉತ್ತರ ಕೊಡುವ ಕಾಲವು ಬಂದಿರುವದು ಹೊಸದು. ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಮೈಯನ್ನು ಸವರಿ, ಇಲ್ಲವೆ ಚಿಕ್ಕ ಕೊಳವೆಯೊಳಗೆ ಉಗುಳಿ ಕಳುಹಿಸಿದರೆ, ಕೆಲವು ವಾರಗಳಲ್ಲಿ ವಂಶದ ವರದಿಯು ಕೈಸೇರುತ್ತದೆ. ಡಿ.ಎನ್.ಎ. ಪರೀಕ್ಷೆಯೆಂದು ಇದರ ಹೆಸರು. ನಮ್ಮ ದೇಶದ ಪಟ್ಟಣಗಳಲ್ಲಿಯೂ ಇದು ಹಣಕ್ಕೆ ದೊರೆಯುವದರಿಂದ, ಪ್ರಿಯ ವಾಚಕರೇ, ಪಟ್ಟಣದಲ್ಲಿರುವ ನಿಮ್ಮ ಮಗನೋ ಮೊಮ್ಮಗನೋ ಒಂದು ದಿನ ಇದರ ಮಾತನ್ನು ಮನೆಗೆ ತಂದಾನು. ಆದಕಾರಣ ಇದನ್ನು ಕುರಿತು ಸ್ವಲ್ಪ ಯೋಚಿಸುವದು ಯುಕ್ತವೆಂದು ನಮಗೆ ತೋರಿತು.

ಇದರ ಬಗೆ ಹೀಗಿದೆ. ಗಂಡಸರಲ್ಲಿ ಮಾತ್ರ ಇರುವ ವೈ ಎಂಬ ವರ್ಣತಂತುವು ತಂದೆಯಿಂದ ಮಗನಿಗೆ ಬಹುಮಟ್ಟಿಗೆ ಮಾರ್ಪಡದೆ ಇಳಿಯುತ್ತದೆ. ಇಂಗ್ಲೆಂಡು ದೇಶದಲ್ಲಿ ಮನೆತನದ ಹೆಸರೂ ತಂದೆಯಿಂದಲೇ ಮಕ್ಕಳಿಗೆ ಬರುವದು. ಹೀಗಿರಲಾಗಿ ಹೆಸರೂ ತಂತುವೂ ಒಂದೇ ನೊಗದ ಎತ್ತುಗಳಂತೆ ಜೊತೆಯಾಗಿ ನಡೆಯಬೇಕಷ್ಟೆ. ಆಕ್ಸ್‌ಫರ್ಡಿನ ಪಂಡಿತನಾದ ಬ್ರಯನ್ ಸೈಕ್ಸನು ಇದನ್ನು ತನ್ನ ಹೆಸರಿನವರಲ್ಲಿಯೇ ಶೋಧಿಸಿ, 2000ನೇ ಇಸವಿಯಲ್ಲಿ ಫಲವನ್ನು ಪ್ರಕಟಿಸಿದನು. ಸೈಕ್ಸ್ ಎಂಬ ಹೆಸರಿನ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಯ ತಂತುವು ಒಂದೇ ಆಗಿತ್ತು. ಅವರೆಲ್ಲರೂ ಒಬ್ಬನೇ ಮೂಲಪುರುಷನ ಸಂತತಿಯವರೆಂದು ಅವನು ತಿಳಿದನು. ಮಿಕ್ಕ ಅರ್ಧ ಮಂದಿ? ಅವರ ಹೆಸರು ಅದೇ, ತಂತು ಬೇರೆ. ಸುಮಾರು 700 ವರ್ಷಗಳಲ್ಲಿ ಪ್ರತಿ ತಲೆಮಾರಿನಲ್ಲಿಯೂ ನೂರಕ್ಕೆ 1.3ರಷ್ಟು ಹೊರಗಿನ ರಕ್ತವು ಆ ಹೆಸರಿನೊಳಗೆ ಸೇರಿರಬಹುದೆಂದು ಅವನ ಅಂದಾಜು. ಸ್ಮಿತ್ ಎಂಬ ಹೆಸರಿನವರಲ್ಲಿಯಾದರೋ ಅಂಥಾ ಸಂಬಂಧವೇ ಕಾಣದು. ಸ್ಮಿತ್ ಎಂದರೆ ಕಮ್ಮಾರನು; ಊರೂರಿಗೂ ಒಬ್ಬ ಕಮ್ಮಾರನಿದ್ದ ಮೇಲೆ ಅವರೆಲ್ಲರೂ ಒಂದೇ ವಂಶದವರಾಗುವದು ಹೇಗೆ?

ಇನ್ನೊಂದು ಸಂಗತಿಯನ್ನು ಓದಿ ನಾವು ಬಹಳ ಸಂತೋಷಪಟ್ಟೆವು. ಯಾರ್ಕ್‌ಷೈರಿನಲ್ಲಿ ಅಪರೂಪವಾದ ಒಂದೇ ಹೆಸರುಳ್ಳ 18 ಮಂದಿ ಗಂಡಸರನ್ನು ಪರೀಕ್ಷಿಸಿದಾಗ, ಅವರಲ್ಲಿ 7 ಮಂದಿಯ ತಂತುವು ಪಶ್ಚಿಮ ಆಫ್ರಿಕದವರದೆಂದು ಕಂಡುಬಂತೆಂಬದಾಗಿ 2007ರಲ್ಲಿ ಲೆಸ್ಟರಿನ ಶೋಧಕರು ತಿಳಿಸಿದರು. ನೋಡುವದಕ್ಕೆ ಬಿಳಿಯರು, ಹೆಸರು ಆಂಗ್ಲೇಯರದು, ಮೂಲಪಿತೃವು ಆಫ್ರಿಕದವನು! ಮೈಬಣ್ಣದ ಮೇಲೆ ಗರ್ವವನ್ನು ಕಟ್ಟುವವರು ಇದನ್ನು ಎರಡು ಸಾರಿ ಓದಲಿ.

ನಮ್ಮಲ್ಲಿ ಈ ಲೆಕ್ಕವು ಹಾಗೆಯೇ ಹೊಂದುವದಿಲ್ಲ. ಎಷ್ಟೋ ಮಂದಿಗೆ ಊರಿನ ಹೆಸರೂ ತಂದೆಯ ಹೆಸರೂ ಹೊರತು ಬೇರೆ ಮನೆತನದ ಹೆಸರಿಲ್ಲ. ತುಳುನಾಡಿನ ಅಳಿಯಕಟ್ಟಿನವರಲ್ಲಿ ಬಳಿಯು ತಾಯಿಯಿಂದ ಬರುವದು; ಗಂಡಸಿನ ತಂತುವು ಅದರ ದಾರಿಯನ್ನು ಹಿಡಿಯದು. ಅದಿರಲಿ. ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ ಪ್ರತಿಯೊಬ್ಬನಿಗೂ ಪೂರ್ವಿಕರ ಸ್ಥಾನಗಳು 1,024. ಹೆಸರಿನ ತಂತುವು ಅವುಗಳಲ್ಲಿ ಒಂದನ್ನು ಮಾತ್ರ ತೋರಿಸಿ, 1,023ನ್ನು ಬಿಟ್ಟುಬಿಡುತ್ತದೆ. ಇಷ್ಟಕ್ಕಾಗಿ ಒಬ್ಬನು ಎದೆಯುಬ್ಬಿಸಿ ನಡೆಯುವದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಈಗ ಒಂದು ಮನೆಯನ್ನು ಊಹಿಸೋಣ. ದೊಡ್ಡಪ್ಪನ ಮಗನೂ ಚಿಕ್ಕಪ್ಪನ ಮಗನೂ, ತಮ್ಮ ವಂಶವು ಬಹು ಪುರಾತನವೆಂದು ತೋರಿಸುವದಕ್ಕೋಸ್ಕರ, ಪರೀಕ್ಷೆ ಮಾಡಿಸುತ್ತಾರೆ. ಇಬ್ಬರ ತಂತುಗಳೂ ಹೊಂದುವದಿಲ್ಲ. ಆ ಸಾಯಂಕಾಲ ಆ ಮನೆಯಲ್ಲಿ ಯಾರ ಹೆಸರು ಮೊದಲು ಬಾಯಿಗೆ ಬರುವದು? ಅಜ್ಜಿಯ ಹೆಸರೇ. ಸಮಾಧಿಯಲ್ಲಿರುವ ಆಕೆಯು ಎದ್ದುಬಂದು ಉತ್ತರ ಕೊಡಲಾರಳು. ವಿಧವೆಯು ಎಳೆಯ ಮಗುವಿನೊಡನೆ ಮರುಮದುವೆಯಾಗಿ ಬಂದಿರಬಹುದು. ಬರಗಾಲದಲ್ಲಿ ದಿಕ್ಕಿಲ್ಲದ ಕೂಸನ್ನು ಸಾಕಿಕೊಂಡಿರಬಹುದು. ಆಕೆಯ ಮೇಲೆ ಬಲಾತ್ಕಾರವೂ ನಡೆದಿರಬಹುದು. ತಂತುವು ಇದೊಂದನ್ನೂ ಹೇಳದು. ಹೊಂದಲಿಲ್ಲವೆಂದು ಮಾತ್ರ ಹೇಳಿ ಸುಮ್ಮನಾಗುತ್ತದೆ. ಉಳಿದದ್ದನ್ನು ನೆರೆಹೊರೆಯವರ ನಾಲಿಗೆಯು ತುಂಬಿಸುತ್ತದೆ. ಹಣ ಕೊಟ್ಟವನು ಒಬ್ಬನು, ಮಾನ ಹೋದದ್ದು ಇನ್ನೊಬ್ಬಳದು. ತನ್ನ ಉಗುಳು ತನ್ನ ಸ್ವತ್ತೆಂದು ಅವನು ಹೇಳಬಹುದು. ಅದರೊಳಗಿನ ಗುಟ್ಟು ಅವನೊಬ್ಬನದಲ್ಲ.

ಹಾಗಾದರೆ ಇದನ್ನು ಮುಟ್ಟಲೇಬಾರದೋ? ಹಾಗೆ ಹೇಳುವದಕ್ಕೂ ನಮ್ಮ ಮನಸ್ಸು ಒಪ್ಪದು. ಅಮೇರಿಕದ ಮೂರನೆಯ ಅಧ್ಯಕ್ಷನಾದ ಥಾಮಸ್ ಜೆಫರ್ಸನನ ಮನೆಯಲ್ಲಿ ಸ್ಯಾಲಿ ಹೆಮಿಂಗ್ಸ್ ಎಂಬ ದಾಸಿಯಿದ್ದಳು. ಆಕೆಯ ಮಕ್ಕಳು ಅವನಿಗೇ ಹುಟ್ಟಿದವರೆಂಬ ಮಾತು 1802ರಲ್ಲಿಯೇ ಅಚ್ಚಾಯಿತು. ಆಕೆಯ ಮಗನಾದ ಮ್ಯಾಡಿಸನನು 1873ರಲ್ಲಿ ಒಂದು ವರ್ತಮಾನಪತ್ರದಲ್ಲಿ ಅದನ್ನೇ ಹೇಳಿದನು. ಆದಾಗ್ಯೂ ಬಹುಮಂದಿ ಚರಿತ್ರಕಾರರು ದಾಸಿಯ ಮಗನ ಮಾತನ್ನು ಸಾಕ್ಷಿಯೆಂದೆಣಿಸಲಿಲ್ಲ. 1998ರಲ್ಲಿ ಜೆಫರ್ಸನನ ಚಿಕ್ಕಪ್ಪ ದೊಡ್ಡಪ್ಪಂದಿರ ಶಾಖೆಯ ಗಂಡಸರ ತಂತುವನ್ನೂ, ಸ್ಯಾಲಿಯ ಕಿರಿಯ ಮಗನಾದ ಎಸ್ಟನನ ಸಂತತಿಯವನೊಬ್ಬನ ತಂತುವನ್ನೂ ಹೋಲಿಸಲಾಗಿ, ಎರಡೂ ಒಂದೇ ಆಗಿದ್ದವು. ಆ ಕುಲದ ಯಾವ ಗಂಡಸೆಂಬದನ್ನು ತಂತುವೊಂದೇ ಹೇಳಲಾರದು. ಆದರೆ ಬೇರೆ ಸಾಕ್ಷಿಗಳನ್ನೂ ಕೂಡಿಸಿ ನೋಡಿ, ಅವನ ಮನೆಯನ್ನು ಕಾಯುವ ಸಂಸ್ಥೆಯವರೇ 2000ದಲ್ಲಿ ಅದು ಜೆಫರ್ಸನನಾಗಿರುವ ಸಂಭವವು ಬಲವಾಗಿದೆಯೆಂದು ಒಪ್ಪಿಕೊಂಡರು. ಅದೇ ಪರೀಕ್ಷೆಯಲ್ಲಿ, ತಾವೂ ಜೆಫರ್ಸನನ ಸಂತತಿಯವರೆಂದು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದ ವುಡ್ಸನ್ ಎಂಬ ಮನೆತನದವರ ತಂತುವು ಹೊಂದಲಿಲ್ಲ. ಅವರ ಮನೆಗಳಲ್ಲಿ ಆ ದಿನ ಎಂಥಾ ಮೌನವಿದ್ದಿತೋ.

ಆದದರಿಂದ ಕೇಳುವವನು ಯಾರೆಂಬದನ್ನು ನಾವು ಮೊದಲು ನೋಡುತ್ತೇವೆ. ಯಾವನಿಗೆ ಸತ್ಯವು ಬಲಿಷ್ಠರಿಂದ ಮುಚ್ಚಲ್ಪಟ್ಟಿತೋ, ಯಾವ ಅನಾಥನಿಗೆ ತಾಯಿಯ ಮುಖವೂ ತಿಳಿಯದೋ, ಅವನು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ಹೆಚ್ಚಳಪಡುವದಕ್ಕಾಗಿ ಕೇಳುವವನಾದರೋ ಮೊದಲು ಮನೆಯ ಹಿರಿಯರ ಬಳಿ ಕೂತುಕೊಳ್ಳಲಿ. ದೊಡ್ಡಪ್ಪನು ಮಾತಾಡದೆ ಎದ್ದುಹೋದರೆ, ಅದನ್ನೇ ಉತ್ತರವೆಂದು ತಿಳಿದು, ಕೊಳವೆಯನ್ನು ಬರಿದಾಗಿಯೇ ಬಿಡಲಿ.

ಮತ್ತಾಯನ ಸುವಾರ್ತೆಯ ಮೊದಲನೆಯ ಪುಟದಲ್ಲಿರುವ ವಂಶಾವಳಿಯನ್ನು ನಮ್ಮಲ್ಲಿ ಅನೇಕರು ಬೇಸರದಿಂದ ದಾಟಿಹೋಗುತ್ತಾರೆ. ಅದರಲ್ಲಿ ಯೆರಿಕೋವಿನ ರಾಹಾಬಳೂ ಮೋವಾಬ್ಯಳಾದ ರೂತಳೂ ಮುಚ್ಚುಮರೆಯಿಲ್ಲದೆ ನಿಂತಿದ್ದಾರೆ. ಅಬ್ರಹಾಮನಿಂದಲೂ ದಾವೀದನಿಂದಲೂ ಹೆಸರು ಹೆಸರಾಗಿ ಇಳಿದುಬಂದ ಆ ಪಟ್ಟಿಯು ಯೋಸೇಫನೆಂಬ ಬಡಗಿಯ ಬಳಿಗೆ ಬಂದು ಮುಟ್ಟುತ್ತದೆ. ಅವನು ಆ ಮಗುವನ್ನು ಹುಟ್ಟಿಸಿದವನಲ್ಲ, ಅದಕ್ಕೆ ಹೆಸರಿಟ್ಟು ಮನೆಗೆ ಸೇರಿಸಿಕೊಂಡವನು.